ತೆನೆ ಕಾದ ಸಿ.ಡಿ.

ಸಿ.ಡಿ.ಯ ನಡುವೆ ತೂತು ಯಾಕಿದೆ ಎಂದು ನಮ್ಮೂರಿನಲ್ಲಿ ಯಾರನ್ನಾದರೂ ಕೇಳಿ, ದಾರ ಕಟ್ಟುವುದಕ್ಕೆ ಎನ್ನುತ್ತಾರೆ. ಸಜ್ಜೆ ತೆನೆ ಹಾಲು ಕಟ್ಟುವ ಹೊತ್ತಿಗೆ ನೀವು ಹರಿಯಬ್ಬೆಯ ಕಡೆ ಬಂದು ನೋಡಬೇಕು. ಹೊಲದ ತುಂಬ ಕಡ್ಡಿ ನೆಟ್ಟು, ಕಡ್ಡಿಗೊಂದು ಸಿ.ಡಿ. ಇಳಿಬಿಟ್ಟಿರುತ್ತಾರೆ. ಗಾಳಿ ಬಂದರೆ ಅವು ಗಿರಗಿರ ತಿರುಗಿ ಬಿಸಿಲನ್ನು ಗಿಳಿಗಳ ಕಣ್ಣಿಗೆ ಹೊಡೆಯುತ್ತವೆ. ದೇವರ ಹಾಡಿನದು, ಕುಣಿತದ ಹಾಡಿನದು, ಯಾರದೋ ಮದುವೆಯದು, ಎಲ್ಲಕ್ಕೂ ಒಂದೇ ಕೆಲಸ. ಗಿಳಿಗಳು ಸಂಗೀತದಲ್ಲಿ ಭೇದ ಮಾಡುವುದಿಲ್ಲ.

ನಮ್ಮ ಮನೆಯ ಸಿ.ಡಿ.ಗಳೂ ಹಾಗೆಯೇ ಹೊಲ ಸೇರಿದ್ದವು. ಕುರಿ ಕೈಹಿಡಿದ ಒಂದು ವರ್ಷ ಆಸೆಪಟ್ಟು ಸ್ಟೀರಿಯೋ ತಂದಿದ್ದೆ. ಆಂಪ್ಲಿಫೈಯರ್, ಸಿ.ಡಿ. ಪ್ಲೇಯರ್, ಹಿಂಗಾಲ ಮೇಲೆ ನಿಂತ ಮೇಕೆಯಷ್ಟು ಎತ್ತರದ ಎರಡು ಸ್ಪೀಕರ್ ಡಬ್ಬಿ. ಸ್ಪೀಕರ್‌ಗಳು ಇಂದಿಗೂ ಗಟ್ಟಿಮುಟ್ಟಾಗಿವೆ. ಪ್ಲೇಯರ್ ಮಾತ್ರ ಬಾಯಿ ಬಿಡುವುದನ್ನು ನಿಲ್ಲಿಸಿತು. ಬಿಚ್ಚಿ ನೋಡಿದರೆ ಒಳಗೆ ಇರುವೆಗಳು ಸಂಸಾರ ಹೂಡಿದ್ದವು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯೂ ಇತ್ತು. ಅಷ್ಟು ಜನರನ್ನು ಒಕ್ಕಲೆಬ್ಬಿಸಲು ಮನಸ್ಸಾಗದೆ ಮುಚ್ಚಿಟ್ಟೆ. ಪ್ಲೇಯರ್ ಇಲ್ಲದ ಮೇಲೆ ಸಿ.ಡಿ.ಗಳಿಗೇನು ಕೆಲಸ. ತೆನೆ ಕಾಯಲು ಹೋದವು.

ಇದನ್ನೆಲ್ಲ ಬರೆಯುತ್ತಿರುವ ನಾನು ಓದಿದ್ದು ಮೂರನೇ ಕ್ಲಾಸು. ಅದೂ ಪೂರ್ತಿಯಲ್ಲ. ಕುರಿಗಳಿಗೆ ರಜೆ ಇರಲಿಲ್ಲವಾಗಿ ನನಗೆ ಶಾಲೆಯಿಂದ ರಜೆ ಸಿಕ್ಕಿತು. ಆದರೂ ಈಗ ಬರೆಯಲೇಬೇಕು ಅನಿಸಿದೆ, ಯಾಕೆಂದರೆ ನಾನು ಅಜ್ಜನಾಗಿದ್ದೇನೆ. ಮಗಳು ರೂಪಾಳಿಗೆ ಹೆಣ್ಣು ಮಗು. ಮೊದಲ ಮೊಮ್ಮಗಳು. ಈ ಸುದ್ದಿಯನ್ನು ಊರಿಗೆಲ್ಲ ಹೇಳಿ ಮುಗಿಸಿ, ಹಿರಿಯೂರಿನ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿ ಪೇಡ ಕೊಟ್ಟೆ. ಅವನು ಪೇಡ ಬಾಯಿಗೆ ಹಾಕಿಕೊಂಡು, "ಯಜಮಾನ್ರೆ, ನಿನ್ನೇನೂ ಕೊಟ್ಟಿದ್ರಿ. ಮೊಮ್ಮಗಳು ಒಬ್ಬಳೇನಾ ಅಥವಾ ದಿನಕ್ಕೊಬ್ಬಳಾ" ಅಂದ. ಹಿಂದಿನ ದಿನ ಕೊಟ್ಟಿದ್ದು ನನಗೆ ನೆನಪೇ ಇರಲಿಲ್ಲ. ಸಂತೋಷ ಹೆಚ್ಚಾದರೆ ನನಗೆ ಮರೆವು.

ಈ ಸಂತೋಷದ ಮಧ್ಯೆ ಒಂದು ಮುಳ್ಳಿತ್ತು. ಅದು ನನ್ನ ಹೆಂಡತಿ ಈರಕ್ಕನ ಗಂಟಲು.

ಈರಕ್ಕ ಹಾಡುವವಳು. ವೇದಿಕೆ ಹತ್ತಿದವಳಲ್ಲ, ತೊಟ್ಟಿಲಿನ ಹಾಡಿನವಳು. ಜವನಗೊಂಡನಹಳ್ಳಿಯವರೆಗೂ ಯಾರ ಮನೆಯಲ್ಲಿ ಕೂಸಿಗೆ ಹೆಸರಿಟ್ಟರೂ ಅವಳನ್ನು ಕರೆಯಲು ಜನ ಬರುತ್ತಿದ್ದರು. ತೊಟ್ಟಿಲಿನ ಹಗ್ಗ ಹಿಡಿದು ಒಂದು ನುಡಿ ಎತ್ತಿದಳೆಂದರೆ ಅಂಗಳದಲ್ಲಿ ಬೀಡಿ ಸೇದುವ ಗಂಡಸರು ಕೂಡ ಮಾತು ನಿಲ್ಲಿಸುತ್ತಿದ್ದರು. ಹೋದ ವರ್ಷ ಗಂಟಲಲ್ಲಿ ಗಡ್ಡೆ ಆಗಿ ಆಪರೇಷನ್ ಆಯಿತು. ಜೀವಕ್ಕೆ ಏನೂ ಭಯವಿಲ್ಲ, ದನಿ ಹೇಗೆ ಬರುತ್ತದೋ ಹಾಗೆ ಬರುತ್ತದೆ ಎಂದರು ಡಾಕ್ಟರು. ಬಂತು. ಮಣ್ಣಿನ ಮಡಕೆಯ ತಳ ಕೆರೆದ ಹಾಗೆ ಬಂತು. ನನ್ನನ್ನು ಬೈಯಲು ಆ ದನಿ ಮೊದಲಿನದಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ಆದರೆ ಅವಳು ಹಾಡುವುದನ್ನು ಬಿಟ್ಟಳು. ಕರೆಯಲು ಬಂದವರಿಗೆ ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದಳು.

ಮೊಮ್ಮಗಳ ತೊಟ್ಟಿಲು ನಮ್ಮ ಮನೆಯಲ್ಲೇ ಎಂದು ಗೊತ್ತಾದಾಗ ನಾನು ಮಾತು ತೆಗೆದೆ.

"ತೊಟ್ಟಿಲ ಹತ್ರ ನೀನೇ ನಿಂತ್ಕಂಡು ಹಾಡ್ಬೇಕು ಕಣೆ."

"ನನ್ನ ದನಿ ಕೇಳಿದ್ರೆ ಕೂಸು ಬೆಚ್ಚಿಬಿದ್ದು ಹಾಲು ಬಿಡ್ತತೆ. ನಿಂಗವ್ವ ಹಾಡ್ಲಿ. ನಾನು ಒಲೆ ಮುಂದೆ ಇರ್ತೀನಿ."

ನಿಂಗವ್ವ ಅಂದರೆ ನಮ್ಮ ಪಕ್ಕದ ಮನೆಯವಳು, ಈರಕ್ಕನ ಹಿಂದೆ ನಿಂತು ಸೊಲ್ಲು ಹಿಡಿಯುತ್ತಿದ್ದವಳು.

"ಮೊದಲ ಮೊಮ್ಮಗಳ ತೊಟ್ಟಿಲು. ಅಜ್ಜಿ ಒಲೆ ಮುಂದೆ ಕುಂತ್ರೆ ಬಂದ ಜನ ಏನಂತಾರೆ?"

"ಪಾಯಸ ಚೆನ್ನಾಗೈತೆ ಅಂತಾರೆ," ಅಂದಳು, ಒಳಗೆ ಹೋದಳು.

ನಗುತ್ತಲೇ ಹೇಳಿದಳು, ಆದರೆ ಮೂವತ್ತು ವರ್ಷ ಜೊತೆಗಿದ್ದವನಿಗೆ ಆ ನಗು ಯಾವುದು ಎಂದು ತಿಳಿಯದೆ ಇರುತ್ತದೆಯೇ. ಊರ ಕೂಸುಗಳನ್ನೆಲ್ಲ ತೂಗಿದವಳು ತನ್ನ ಮೊಮ್ಮಗಳ ತೊಟ್ಟಿಲಿಗೆ ಬೆನ್ನು ಹಾಕಿ ಕೂರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆಗ ನೆನಪಾದದ್ದು ಆ ಸಿ.ಡಿ. ರೂಪಾಳ ತೊಟ್ಟಿಲಿನ ದಿನ ನನ್ನ ಭಾಮೈದ ಹೊಸದುರ್ಗದಿಂದ ಒಂದು ಟೇಪ್ ರೆಕಾರ್ಡರ್ ಹೊತ್ತು ತಂದಿದ್ದ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ತಿರುಗುತ್ತಿದ್ದ ಗತ್ತು ನೋಡಬೇಕಿತ್ತು, ಮಗು ಅವನದೇ ಅನ್ನಬೇಕು. ಈರಕ್ಕನ ಹಾಡನ್ನು ಪೂರ್ತಿ ಹಿಡಿದ. ನಡುವೆ ನಮ್ಮ ನಾಯಿ ಬೊಗಳಿದ್ದೂ ಸೇರಿಕೊಂಡಿತು. ಎಷ್ಟೋ ವರ್ಷದ ಮೇಲೆ ಟೇಪು ಬೂಸಲು ಹಿಡಿಯತೊಡಗಿದಾಗ ಹಿರಿಯೂರಿನ ಕ್ಯಾಸೆಟ್ ಅಂಗಡಿಯಲ್ಲಿ ಅದನ್ನು ಸಿ.ಡಿ.ಗೆ ಹಾಕಿಸಿದ್ದೆವು. ರೂಪಾ ಆಗ ಶಾಲೆಗೆ ಹೋಗುತ್ತಿದ್ದಳು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ನನ್ನ ತೊಟ್ಟಿಲು' ಎಂದು ಬರೆದು ಒಂದು ಹೂವನ್ನೂ ಬಿಡಿಸಿದ್ದಳು.

ಹೊಲಕ್ಕೆ ಓಡಿದೆ. ಬಿಸಿಲಿಗೆ ಕಟ್ಟಿದ್ದವೆಲ್ಲ ಬಣ್ಣ ಬಿಟ್ಟು ಬೋಳು ಗಾಜಿನಂತಾಗಿದ್ದವು. ನಮ್ಮದು ಸಿಕ್ಕಿದ್ದು ಅಟ್ಟಣೆಯ ಮಾಡಿನ ಕೆಳಗೆ, ನೆರಳಲ್ಲಿ. ತಿರುಗುವಾಗ ಮಾಡಿನ ಹುಲ್ಲಿನ ಮೇಲೆ ಬಣ್ಣ ಬೀಳುತ್ತದೆ ಎಂದು ಅದೊಂದನ್ನು ನಾನೇ ಅಲ್ಲಿ ತೂಗುಹಾಕಿಕೊಂಡಿದ್ದೆ.

ಅಟ್ಟಣೆ ಎಂದ ಕೂಡಲೇ ನನ್ನ ಮನಸ್ಸು ಬೇರೆ ಕಡೆ ಹೋಗುತ್ತದೆ, ಸ್ವಲ್ಪ ತಡೆದುಕೊಳ್ಳಿ. ನಾವು ಹುಡುಗರಾಗಿದ್ದಾಗ ಹಕ್ಕಿ ಹೊಡೆಯಲು ಸಿ.ಡಿ. ಎಲ್ಲಿತ್ತು. ನಾಲ್ಕು ಕಂಬದ ಮೇಲೆ ಅಟ್ಟಣೆ, ಅದರ ಮೇಲೆ ನಾನು, ಕೈಯಲ್ಲಿ ಕವಣೆ. ಹೊತ್ತು ಹುಟ್ಟುವ ಮೊದಲೇ ಗಿಳಿಗಳು ಬರುತ್ತಿದ್ದವು, ನಾನು ಹೊತ್ತು ಏರಿದ ಮೇಲೆ ಎಚ್ಚರಗೊಳ್ಳುತ್ತಿದ್ದೆ. ಗಿಳಿಗಳು ಹೊಟ್ಟೆ ತುಂಬಿ ಹೊರಟಾಗ ನಾನು ಹೋ ಎಂದು ಕೂಗುತ್ತಿದ್ದೆ. ನಮ್ಮವ್ವ ಬುತ್ತಿ ತಂದು, ಕೆಳಗೆ ಬಿದ್ದ ಸಜ್ಜೆಯ ಹೊಟ್ಟು ನೋಡಿ, "ಕೂಗಿ ಕಳಿಸ್ತೀಯೋ, ಊಟ ಆದ ಮ್ಯಾಲೆ ಹೋಗಿಬರ್ರಿ ಅಂತ ಹೇಳ್ತೀಯೋ" ಎನ್ನುತ್ತಿದ್ದಳು. ಆ ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅಟ್ಟಣೆಯ ಗಾಳಿ. ಈಗಲೂ ನನಗೆ ನಿದ್ದೆ ಬಾರದಿದ್ದರೆ ಅಲ್ಲಿಗೆ ಹೋಗಿ ಮಲಗುತ್ತೇನೆ, ಮನಸ್ಸಿನಲ್ಲಿ.

ಸರಿ, ಸಿ.ಡಿ. ಸಿಕ್ಕಿತು. ಆದರೆ ಗಾಳಿಗೆ ಕಂಬಕ್ಕೆ ಬಡಿದು ಬಡಿದು ಮೈಯೆಲ್ಲ ಗೀರು. ಗುಡ್ಡದ ಮೇಲೆ ಕುರಿಗಳು ತುಳಿದ ದಾರಿಗಳ ಹಾಗೆ ಅಡ್ಡಾದಿಡ್ಡಿ. ಹಿರಿಯೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಹಾಕಿ ನೋಡಿದರು. ಅವರ ಯಂತ್ರ ಎಮ್ಮೆ ಗುರುಗುಟ್ಟಿದ ಹಾಗೆ ಗುರುಗುಟ್ಟಿ ಉಗಿದುಬಿಟ್ಟಿತು. ಇನ್ನೊಂದು ಅಂಗಡಿಯಲ್ಲಿ ಸಿ.ಡಿ. ಪ್ಲೇಯರ್ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಮುಖ ನೋಡಿ, "ತಾತ, ಈಗ ಎಲ್ಲಾ ಫೋನಾಗೇ ಬರ್ತತೆ. ಯಾವ ಹಾಡು ಬೇಕು ಹೇಳ್ರಿ, ಹಾಕ್ಕೊಡ್ತೀನಿ" ಅಂದಳು. "ಈರಕ್ಕನ ಹಾಡು" ಅಂದೆ. ಪಾಪ, ಅವಳು ಫೋನಿನಲ್ಲಿ ಹುಡುಕಿಯೂ ಹುಡುಕಿದಳು.

ಕೊನೆಗೆ ಅಳಿಯ ಮಂಜಣ್ಣನೇ ದಾರಿ ತೋರಿಸಿದ. ಹೊಳಲ್ಕೆರೆಯವನು, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಹೆಂಡತಿ ಮಗುವನ್ನು ನೋಡಲು ಬಂದವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ವಿಷಯ ಹೇಳಿದೆ.

"ಚಿತ್ರದುರ್ಗದಾಗೆ ಒಬ್ರು ನಜೀರಣ್ಣ ಅಂತ ಅವ್ರೆ ಮಾವ. ಹಳೇ ಸ್ಟೀರಿಯೋ ಎಲ್ಲ ಇಟ್ಟವ್ರೆ. ಹೋಗಾಣ ನಡೀರಿ."

"ನಿಮ್ಮತ್ತೆಗೆ ಹೇಳಬ್ಯಾಡ್ರಿ."

"ಏನಂತ ಹೇಳಿ ಹೋಗಾದು ಮತ್ತೆ?"

"ಜೋಳಿಗೆ ಬಟ್ಟೆ ತರಾಕೆ ಅನ್ರಿ."

ಬಟ್ಟೆಯನ್ನೂ ತರಬೇಕಾಯಿತು ಆಮೇಲೆ. ಸುಳ್ಳು ಹೇಳಿದರೆ ಎರಡು ಕೆಲಸ.

ನಜೀರಣ್ಣನ ಅಂಗಡಿ ಒಂದು ಸಂದಿಯಲ್ಲಿದೆ. ಬಾಗಿಲಲ್ಲಿ ನಿಂತರೆ ಮನೆಗಳ ಮೇಲಿಂದ ಜೋಗಿಮಟ್ಟಿ ಕಾಣುತ್ತದೆ, ಒಳಗೆ ಹೋದರೆ ಏನೂ ಕಾಣುವುದಿಲ್ಲ, ಅಷ್ಟು ಪೆಟ್ಟಿಗೆಗಳು. ನನ್ನಷ್ಟೇ ವಯಸ್ಸಿನ, ಮಾತಿನ ಮನುಷ್ಯ. "ಬರ್ರಿ, ಕುಂತ್ಕಳ್ರಿ" ಎಂದು ಟೀ ತರಿಸಿದರು. ಟೀ ಬರುವುದರೊಳಗೆ ಮೊಮ್ಮಗಳ ವಿಷಯ ಅವರಿಗೆ ಗೊತ್ತಾಗಿತ್ತು. ಟೀ ಮುಗಿಯುವುದರೊಳಗೆ ಅವರ ಮೊಮ್ಮಕ್ಕಳ ವಿಷಯ ನನಗೆ ಗೊತ್ತಾಗಿತ್ತು. ಆಮೇಲೆ ಪ್ಲೇಯರ್‌ಗಳನ್ನು ಒಂದೊಂದಾಗಿ ಇಳಿಸಿದರು, ಒಂದು ಹೊಸ ಸಿ.ಡಿ. ಹಾಕಿ ಹಾಡಿಸಿದರು. ಎಲ್ಲವೂ ಚೆನ್ನಾಗಿಯೇ ಹಾಡಿದವು. "ಹೆಂಗೈತೆ? ಇದರಾಗೆ ತಬಲಾ ಕೇಳ್ರಿ, ಬೆರಳು ಕಾಣ್ತವೆ" ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ನನಗೆ ಎಲ್ಲದರಲ್ಲೂ ಒಂದೇ ತಬಲಾ.

ಈಗ ನಾನು ಸುಮ್ಮನಿರಲಾಗದೆ ನಮ್ಮಪ್ಪನ ವಿದ್ಯೆ ಹೊರಗೆ ತೆಗೆದೆ. ನಮ್ಮಪ್ಪ ಸಂತೆಯಲ್ಲಿ ಟಗರು ಕೊಳ್ಳುವಾಗ ಎಲ್ಲರ ಹಾಗೆ ಹಲ್ಲು ನೋಡುತ್ತಿದ್ದ, ಬೆನ್ನು ಒತ್ತುತ್ತಿದ್ದ. ಅದಾದ ಮೇಲೆ ಟವೆಲ್ಲಿನ ಗಂಟು ಬಿಚ್ಚಿ ಹಿಂದಿನ ವರ್ಷದ ಒಣಗಿದ ಜಾಲಿಕಾಯಿ ತೆಗೆದು ಮುಂದೆ ಹಿಡಿಯುತ್ತಿದ್ದ. ಹಸಿ ಹುಲ್ಲು ಯಾವುದಾದರೂ ತಿನ್ನುತ್ತದೆ, ಬೇಸಿಗೆಯಲ್ಲಿ ನಾನು ಇದಕ್ಕೆ ಏನು ಕೊಡುತ್ತೇನೋ ಅದನ್ನು ತಿನ್ನುತ್ತದೆಯೋ ನೋಡಬೇಕು ಅನ್ನುತ್ತಿದ್ದ. ಮೂಸಿ ಮುಖ ತಿರುಗಿಸಿದ ಟಗರು ಎಷ್ಟು ಚಂದವಿದ್ದರೂ ತರುತ್ತಿರಲಿಲ್ಲ. ನಾನೂ ಚೀಲದಿಂದ ನಮ್ಮ ಜಾಲಿಕಾಯಿ ತೆಗೆದೆ.

ನಜೀರಣ್ಣ ಅದನ್ನು ಬೆಳಕಿಗೆ ಹಿಡಿದು ಹಣೆ ಚಚ್ಚಿಕೊಂಡರು. "ಯಾ ಅಲ್ಲಾ. ಇದರಾಗೆ ರಾಗಿ ಬಿತ್ತಿದ್ರೇನ್ರಿ?"

"ಸಜ್ಜೆ. ಕಾಯ್ತಿತ್ತು."

ನಾನು ಟವೆಲ್ಲಿನಿಂದ ಸಿ.ಡಿ.ಯನ್ನು ತಟ್ಟೆ ಒರೆಸಿದಂತೆ ಸುತ್ತಲೂ ಒರೆಸಲು ಹೋದೆ. ಕೈ ಹಿಡಿದು ತಡೆದರು. ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಬೇಕಂತೆ. ತಾವೇ ಸಾಬೂನು ನೀರಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಬೈದುಕೊಳ್ಳುತ್ತಾ ಹಾಕಿದರು.

ಮೊದಲನೆಯದು ಕಪ್ಪಗೆ ಹೊಳೆಯುವ ತೆಳ್ಳನೆಯ ಪ್ಲೇಯರ್. ನಮ್ಮ ಸಿ.ಡಿ.ಯನ್ನು ಮೂಸಿ ನೋಡಿ ತಕ್ಷಣ ಬಾಯಿ ತೆರೆದು ಹೊರಗೆ ಹಾಕಿತು. ಎರಡನೆಯದು ಹಾಡಿತು, ಆದರೆ ಮಳೆ ಬಂದಾಗ ಮರಿಗಳು ಕುಪ್ಪಳಿಸುವ ಹಾಗೆ ಪದದಿಂದ ಪದಕ್ಕೆ ನೆಗೆಯಿತು. ಮೂರನೆಯದನ್ನು ನಜೀರಣ್ಣ ಮುಟ್ಟಲೇ ಇಲ್ಲ. ಬೆಳ್ಳಿ ಬಣ್ಣದ ಜೋಡಿ ಪೆಟ್ಟಿಗೆ. ಒಂದಕ್ಕೆ ಟ್ರಾನ್ಸ್‌ಪೋರ್ಟ್ ಎಂದು ಹೆಸರು, ಅದು ಸಿ.ಡಿ.ಯನ್ನು ಓದುವುದಷ್ಟೇ, ದನಿ ಮಾಡುವುದಿಲ್ಲ. ಓದಿದ್ದನ್ನು ದನಿ ಮಾಡಲು ಪಕ್ಕದಲ್ಲಿ ಇನ್ನೊಂದು ಸಣ್ಣ ಪೆಟ್ಟಿಗೆ. ನನಗೆ ಕೂಡಲೇ ಅರ್ಥವಾಯಿತು. ನಮ್ಮ ಮನೆಯಲ್ಲಿ ಕಾಗದ ಪತ್ರ ಬಂದರೆ ರೂಪಾ ಓದುತ್ತಿದ್ದಳು, ಅದನ್ನು ಊರಿಗೆ ಕೇಳುವ ಹಾಗೆ ಹೇಳುತ್ತಿದ್ದವನು ನಾನು.

"ಅದಕ್ಕೂ ಹಾಕ್ರಿ."

"ಅದು ನನ್ನ ಮನೆ ಮಗಳಿದ್ದಂಗೆ ರೀ. ಈ ಮುರುಕಲು ಸಿ.ಡಿ. ಹಾಕಾಕೆ ಮನಸ್ಸು ಬರಾದಿಲ್ಲ."

"ನನ್ನ ಮಗಳ ತೊಟ್ಟಿಲಿನ ಹಾಡು ಅದು," ಅಂದೆ.

ಅವರು ಮುಚ್ಚಳ ತೆರೆದರು.

ಅದು ನುಂಗಿ ಸುಮ್ಮನೆ ಕೂತಿತು. ಮಂಜಣ್ಣ, "ಇಲ್ಲ ಬಿಡ್ರಿ ಮಾವ" ಅಂದ. ನಜೀರಣ್ಣ ಕೈ ಎತ್ತಿದರು. "ತಡೀರಿ. ಇದಕ್ಕೆ ಅವಸರ ಇಲ್ಲ. ಇದರ ಹಳೇ ಯಜಮಾನ ಅದಕ್ಕೇ ಮಾರಿದ್ದು." ನಾವು ಮೂವರೂ ಕರು ಹಾಕುವ ಹಸುವಿನ ಮುಂದೆ ಕೂತವರಂತೆ ಕೂತೆವು. ಮೊದಲು ಬಳೆಯ ಸದ್ದು ಬಂತು. ಯಾರೋ ಹೆಂಗಸು ಕೆಮ್ಮಿದಳು. ಆಮೇಲೆ ಈರಕ್ಕ.

ಏನು ಹೇಳಲಿ. ಆ ದನಿ ಇತ್ತು ಎಂಬುದನ್ನೇ ನಾನು ಮರೆತಿದ್ದೆ. ಕೆರೆಯ ಕಟ್ಟೆಯ ಮೇಲೆ ನಿಂತು ಕೂಗಿದರೆ ಆಚೆ ದಡದ ಕುರಿ ತಲೆ ಎತ್ತುವಂಥ ದನಿ. ನಾಯಿ ಬೊಗಳುವ ಜಾಗವೂ ಬಂತು. ಸತ್ತು ಎಷ್ಟೋ ವರ್ಷವಾದ ಆ ನಾಯಿ ದುರ್ಗದ ಸಂದಿಯಲ್ಲಿ ಬೊಗಳಿತು, ಬೀದಿಯ ನಾಯಿ ಒಂದು ಅದಕ್ಕೆ ಉತ್ತರ ಕೊಟ್ಟಿತು. ಹಾಡಿನಲ್ಲಿ 'ರೂಪಾ' ಎಂದು ಕರೆದಾಗ ಮಂಜಣ್ಣನ ಮುಖ ಅರಳಿತು. ತನ್ನ ಹೆಂಡತಿ ತೊಟ್ಟಿಲಲ್ಲಿ ಮಲಗಿದ್ದನ್ನು ಅವನು ಕಿವಿಯಿಂದ ನೋಡುತ್ತಿದ್ದ. ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ.

ಬೆಲೆಯ ಮಾತು ಇಲ್ಲಿ ಬೇಡ. ಮಗಳನ್ನು ಕಳಿಸಿಕೊಡುವ ಹಾಗೆಯೇ ನಜೀರಣ್ಣ ಅದನ್ನು ಹಳೆಯ ರಜಾಯಿಯಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದೇ ಕಂಡಕ್ಟರ್ ರಜಾಯಿ ನೋಡಿ, "ಮೊಮ್ಮಗಳಾ?" ಅಂದ.

ತೊಟ್ಟಿಲಿನ ದಿನ ಬಂತು. ಮನೆ ತುಂಬ ಜನ, ಹೊಳಲ್ಕೆರೆಯಿಂದ ಬೀಗರು. ನಾನು ಮಂಜಣ್ಣ ಸೇರಿ ಬೆಳಗ್ಗೆಯೇ ಪೆಟ್ಟಿಗೆಗಳನ್ನು ಹಳೆಯ ಆಂಪ್ಲಿಫೈಯರಿಗೂ ಸ್ಪೀಕರಿಗೂ ಜೋಡಿಸಿ ಮೇಲೆ ಒಂದು ಸೀರೆ ಮುಚ್ಚಿದ್ದೆವು. ತೊಟ್ಟಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಮೊದಲು ಗುಂಡುಕಲ್ಲು ಇಟ್ಟು ತೂಗಿದರು, ಆಮೇಲೆ ಕೂಸನ್ನು ಮಲಗಿಸಿದರು. ನಮ್ಮಲ್ಲಿ ಹಾಡಾದ ಮೇಲೆ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವುದು. ಹೆಸರು ಅನ್ವಿತಾ. ಈರಕ್ಕನಿಗೆ ಆ ಹೆಸರು ಹಿಡಿಸಿರಲಿಲ್ಲ. "ಹಾಡಿನಾಗೆ ಎಲ್ಲಿ ಕೂರ್ತತೆ ಅದು, ಕುಂತ್ರೆ ಏಳಾದಿಲ್ಲ" ಎಂದಿದ್ದಳು. ಹೇಳಿದ ಹಾಗೆಯೇ ಅವಳು ಅಡಿಗೆ ಮನೆಯಲ್ಲಿ ಪಾಯಸ ತಿರುಗಿಸುತ್ತಿದ್ದಳು.

ನಿಂಗವ್ವ ಹಗ್ಗಕ್ಕೆ ಕೈ ಹಾಕುವ ಹೊತ್ತಿಗೆ ನಾನು ಸೀರೆ ತೆಗೆದು ಗುಂಡಿ ಒತ್ತಿದೆ. ಯಂತ್ರ ತನ್ನ ಪದ್ಧತಿಯಂತೆ ಸುಮ್ಮನಿತ್ತು. ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ತಡೀರಿ ಎಂದು ಕೈ ಎತ್ತಿದೆ, ನಜೀರಣ್ಣನ ಹಾಗೆಯೇ. ಬಳೆಯ ಸದ್ದು ಬಂತು, ಕೆಮ್ಮು ಬಂತು, ಈರಕ್ಕನ ದನಿ ಮನೆ ತುಂಬಿತು. ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಒಳಗೆ ಸೌಟಿನ ಸದ್ದು ನಿಂತಿತು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

ನುಡಿಯ ಕೊನೆಗೆ ಆ ದನಿ, ತೊಟ್ಟಿಲಿನ ಮೇಲೆ ಬಗ್ಗಿ, ಪ್ರೀತಿಯಿಂದ ಕರೆಯಿತು.

"ರೂಪಾ."

"ಓ," ಅಂದಳು ಮಂಚದ ಮೇಲೆ ಕೂತ ರೂಪಾ, ಅಭ್ಯಾಸದ ಮೇಲೆ.

ಆಮೇಲೆ ಬೀಗಿತ್ತಿ, ಮಂಜಣ್ಣನ ತಾಯಿ, ಗಾಬರಿಯಿಂದ ಎದ್ದರು. "ಏ, ನಿಲ್ಸ್ರಪ್ಪ ಅದನ್ನ. ತೊಟ್ಟಿಲಾಗೆ ಮೊದಲು ಕರೆದ ಹೆಸರೇ ಕೂಸಿಗೆ ಅಂಟ್ಕಳ್ತತೆ. ತಾಯಿಗೂ ಮಗಳಿಗೂ ಒಂದೇ ಹೆಸರಾಗ್ತತೆ."

ನೋಡಿ, ಇಷ್ಟು ದಿನ ಇಬ್ಬರು ಗಂಡಸರು ಅಷ್ಟು ಓಡಾಡಿ, ಅಷ್ಟು ಟಗರು ಪರೀಕ್ಷೆ ಮಾಡಿ, ಆ ಹಾಡು ಯಾರನ್ನು ಕರೆಯುತ್ತದೆ ಎಂದು ಯೋಚಿಸಿರಲಿಲ್ಲ. ನಮ್ಮ ಕಿವಿಗೆ ಆ ಹಾಡಿನಲ್ಲಿ ಆ ಹೆಸರು, ರೊಟ್ಟಿಯಲ್ಲಿ ಉಪ್ಪಿದ್ದ ಹಾಗೆ, ಇರಬೇಕಾದದ್ದೇ. ನಾನು ನಿಲ್ಲಿಸಲು ಹೋದೆ. ಹಾಡಿಸುವ ಗುಂಡಿಯೊಂದು ಬಿಟ್ಟರೆ ನನಗೆ ಇನ್ನೊಂದು ಗೊತ್ತಿರಲಿಲ್ಲ, ನಿಲ್ಲಿಸುವುದು ಸಿಗಲಿಲ್ಲ. ದೊಡ್ಡ ತಿರುಗಣಿಯನ್ನು ತಿರುಗಿಸಿದೆ. ದನಿ ಇಮ್ಮಡಿಯಾಯಿತು. ರೂಪಾ, ರೂಪಾ ಎಂದು ಸ್ಪೀಕರ್‌ಗಳು ಬೀದಿಗೆ ಕೇಳುವ ಹಾಗೆ ಕರೆದವು. ಕೂಸು ಮುಖ ಕಿವುಚಿ ಕಿರುಚಲು ಶುರುಮಾಡಿತು.

ಆಗ ಅಡಿಗೆ ಮನೆಯ ಬಾಗಿಲಲ್ಲಿ ಈರಕ್ಕ ಕಾಣಿಸಿಕೊಂಡಳು. ಕೈಯಲ್ಲಿ ಪಾಯಸದ ಸೌಟು.

"ಯಾವಳದು, ನನ್ನ ಮೊಮ್ಮಗಳಿಗೆ ಹೆಸರು ಕೆಡಿಸ್ತಿರೋಳು?"

"ನೀನೇ ಕಣವ್ವ," ಅಂದಳು ನಿಂಗವ್ವ.

ಇಡೀ ಮನೆ ನಕ್ಕಿತು. ಈರಕ್ಕ ನಗಲಿಲ್ಲ. ಸೌಟನ್ನು ನನ್ನ ಕೈಗೆ ತುರುಕಿ, ನಿಂಗವ್ವನನ್ನು ಭುಜದಿಂದ ಸರಿಸಿ, ತೊಟ್ಟಿಲಿನ ಹಗ್ಗ ಹಿಡಿದಳು. ಯಂತ್ರದ ದನಿಯ ಮೇಲೆ ತನ್ನ ದನಿ ಎತ್ತಿದಳು. ಅದೇ ನುಡಿ. ಮಡಕೆಯ ತಳ ಕೆರೆದಂಥ ಆ ದನಿ ಮೇಲೇರುವಲ್ಲಿ ಒಡೆಯಿತು, ಅವಳು ಬಿಡಲಿಲ್ಲ. ಹೆಸರಿನ ಜಾಗ ಬಂದಾಗ 'ಅನ್ವಿ' ಎಂದು ಉಸಿರೆಳೆದು 'ತಾ' ಎಂದು ಮುಂದಿನ ಸೊಲ್ಲಿನಲ್ಲಿ ಸೇರಿಸಿದಳು. ಹೆಸರು ಕೂತೇ ಕೂತಿತು. ಅಷ್ಟರಲ್ಲಿ ಮಂಜಣ್ಣ ಗೋಡೆಯಿಂದ ವೈರನ್ನೇ ಕಿತ್ತ. ಲೈನ್‌ಮನ್ ಅಲ್ಲವೇ.

ಈಗ ಒಂದೇ ದನಿ ಉಳಿಯಿತು. ಕೂಸು ಅಳು ನಿಲ್ಲಿಸಿತ್ತು. ಕತ್ತನ್ನು ಆ ಒಡಕು ದನಿಯ ಕಡೆಗೆ ಹೊರಳಿಸಿ, ಕಣ್ಣು ಅಗಲ ಮಾಡಿ, ಅಜ್ಜಿಯನ್ನೇ ನೋಡುತ್ತಿತ್ತು. ನಮಗೆಲ್ಲ ಅದು ಕೆಟ್ಟುಹೋದ ದನಿ. ಆ ಕೂಸಿಗೆ ಹುಟ್ಟಿದ ದಿನದಿಂದ ಎಣ್ಣೆ ಹಚ್ಚುವಾಗ, ನೀರೆರೆಯುವಾಗ, ಲೋಬಾನದ ಹೊಗೆ ಹಿಡಿಯುವಾಗ ಕಿವಿಯ ಹತ್ತಿರ ಇದ್ದದ್ದು ಅದೊಂದೇ. ಅಜ್ಜಿ ಎಂದರೆ ಅದಕ್ಕೆ ಇದೇ ದನಿ. ಈರಕ್ಕನೂ ಅದನ್ನು ಕಂಡಳು ಎಂದು ಕಾಣುತ್ತದೆ. ಒಂದು ನುಡಿಗೆ ನಿಲ್ಲಿಸಲಿಲ್ಲ. ಅವಳಿಗೆ ಬರುತ್ತಿದ್ದಷ್ಟನ್ನೂ ಹಾಡಿದಳು. ನಿಂಗವ್ವ ಹಿಂದೆ ನಿಂತು ಸೊಲ್ಲು ಹಿಡಿದಳು. ಪಾಯಸ ತಳ ಹತ್ತಿತು. ಯಾರೂ ಅದರ ಮಾತೆತ್ತಲಿಲ್ಲ.

ಯಂತ್ರವನ್ನು ವಾಪಸ್ ಕೊಡಬೇಕೇನೋ ಎಂದು ನಾನು ಹೆದರಿದ್ದೆ. ಮಾರನೆಯ ದಿನ ಮಧ್ಯಾಹ್ನ ಬಾಣಂತಿ, ಕೂಸು ಮಲಗಿದ್ದಾಗ ಈರಕ್ಕ ಅವರೆಕಾಯಿಯ ಮೊರ ಹಿಡಿದು ಅದರ ಮುಂದೆ ಬಂದು ಕೂತಳು.

"ಆ ಹುಡುಗೀನ ಒಂದ್ಸಲ ಹಾಕ್ರಿ ನೋಡಾನ. ಮೆಲ್ಲಗೆ."

ಹಾಕಿದೆ. ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿದಳು. ನಾಯಿ ಬೊಗಳಿದಾಗ ಮಾತ್ರ ಒಮ್ಮೆ ನಕ್ಕಳು.

"ಹೆಂಗೆ?" ಅಂದೆ.

"ಪರವಾಗಿಲ್ಲ ಹಾಡ್ತಾಳೆ. ಅವಸರ ಜಾಸ್ತಿ. ಸುತ್ತ ಕುಂತೋರು ಕೇಳ್ಲಿ ಅಂತ ಹಾಡ್ತಾಳೆ, ಕೂಸು ಮಲಗ್ಲಿ ಅಂತ ಅಲ್ಲ."

ಒಳಕೋಣೆಯಲ್ಲಿ ಕೂಸು ಕುಂಯ್ ಎಂದಿತು. ಈರಕ್ಕ ಮೊರ ಪಕ್ಕಕ್ಕಿಟ್ಟು ಮಂಡಿಯ ಮೇಲೆ ಕೈಯೂರಿ ಎದ್ದಳು.

"ಅದನ್ನ ಆರ್ಸ್ರಿ," ಅಂದಳು. "ಅವಳು ನನ್ನ ಕರೀತಾವ್ಳೆ."